ಅಂಚೆ ಕಚೇರಿಯ ಉಳಿತಾಯ ಖಾತೆಗಳು: ಒಂಟಿ ತಾಯಿಯ ಮನೆಖರ್ಚಿಗೆ ಎಷ್ಟರ ಮಟ್ಟಿಗೆ ಒದಗುತ್ತವೆ?

ಅಂಚೆ ಕಚೇರಿಯ ಉಳಿತಾಯ ಯೋಜನೆಗಳ ಕುರಿತು ಬರೆಯುವವರು ಸಾಮಾನ್ಯವಾಗಿ ಬಡ್ಡಿ ದರದಿಂದ ಆರಂಭಿಸಿ ಆದಾಯ ತೆರಿಗೆಯ ವಿನಾಯಿತಿಯಲ್ಲಿ ಮುಗಿಸುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ, ಸರ್ಕಾರದ ನೆರವಿಗೆ ಒಂದಿಷ್ಟು ಕೈಕೆಲಸದ ಸಂಪಾದನೆಯನ್ನು ಸೇರಿಸಿಕೊಂಡು ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ನನ್ನಂಥವರಿಗೆ ಅಂಥ ಬರಹಗಳಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೇ. ನಮ್ಮ ತಾಲ್ಲೂಕು ಕೇಂದ್ರದ ಅಂಚೆ ಕಚೇರಿಯಲ್ಲಿ ನಾನು ಒಂದು ಉಳಿತಾಯ ಖಾತೆ, ಒಂದು ಆರ್‌ಡಿ (ತಿಂಗಳಿಗೊಂದು ಕಂತು ಕಟ್ಟುವ ಠೇವಣಿ), ಮಗಳ ಹೆಸರಿನಲ್ಲಿ ಒಂದು ಸುಕನ್ಯಾ ಸಮೃದ್ಧಿ ಖಾತೆ ಮತ್ತು ಅದೇ ಕಟ್ಟಡದಲ್ಲಿರುವ ಅಂಚೆ ಪೇಮೆಂಟ್ಸ್ ಬ್ಯಾಂಕಿನ ಒಂದು ಖಾತೆಯನ್ನು ನಡೆಸುತ್ತಿದ್ದೇನೆ. ಇವು ತಿಂಗಳ ಲೆಕ್ಕ ಸರಿದೂಗಿಸಲು ಎಲ್ಲಿ ನೆರವಾಗುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಮೊದಲು ಆದಾಯದ ಚಿತ್ರವನ್ನು ಕೊಡಬೇಕು, ಇಲ್ಲವಾದರೆ ಮುಂದಿನ ಮಾತುಗಳಿಗೆ ಅರ್ಥವಿರುವುದಿಲ್ಲ. ವಿಧವಾ ವೇತನ ತಿಂಗಳಿಗೆ 800 ರೂಪಾಯಿ, ಗೃಹಲಕ್ಷ್ಮಿಯ ಹಣ 2,000 ರೂಪಾಯಿ. ಉಳಿದದ್ದು ಹೊಲಿಗೆ ಯಂತ್ರದಿಂದ, ಅಂದರೆ ರವಿಕೆ, ಸೀರೆಗೆ ಫಾಲ್ಸ್, ಪಿಕೊ ಮತ್ತು ಕುಚ್ಚಿನ ಕೆಲಸದಿಂದ ಬರಬೇಕು. ಮದುವೆಯ ತಿಂಗಳುಗಳಲ್ಲಿ ಮತ್ತು ವರಮಹಾಲಕ್ಷ್ಮಿ ಹಬ್ಬದ ಮುಂಚೆ ರಾತ್ರಿ ಹನ್ನೊಂದಾದರೂ ಯಂತ್ರ ನಿಲ್ಲುವುದಿಲ್ಲ, ಆಷಾಢದಲ್ಲಿ ಮತ್ತು ಪಿತೃಪಕ್ಷದಲ್ಲಿ ದಾರದ ಖರ್ಚೂ ಹುಟ್ಟುವುದಿಲ್ಲ. ಪಡಿತರದ ಅಕ್ಕಿ ಮೂವರಿಗೆ ಸಾಲುತ್ತದೆ. ವಿದ್ಯುತ್ ಬಳಕೆ ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ ನಿಗದಿಯಾದ ಮಿತಿಯೊಳಗಿರುವ ಕಾರಣ ಬಿಲ್ಲು ಶೂನ್ಯ ಬರುತ್ತದೆ. ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಸರ್ಕಾರಿ ಬಸ್ಸಿನಲ್ಲಿ ನನಗೆ ಟಿಕೆಟ್ಟಿನ ಹಣ ಕೊಡಬೇಕಾಗಿಲ್ಲ. ಸರ್ಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಬಿಸಿಯೂಟ, ಹಾಲು, ಮೊಟ್ಟೆ ಸಿಗುತ್ತವೆ. ಹೀಗಾಗಿ ಕೈಯಿಂದ ನಗದು ಕೊಡಬೇಕಾದ ಬಾಬ್ತುಗಳು ಮನೆ ಬಾಡಿಗೆ, ಗ್ಯಾಸ್ ಸಿಲಿಂಡರ್, ಬೇಳೆ, ಎಣ್ಣೆ, ತರಕಾರಿ, ಔಷಧ, ಮಗನ ಟ್ಯೂಷನ್ ಮತ್ತು ಮೊಬೈಲ್ ರೀಚಾರ್ಜ್ ಎಂದು ಬೆರಳೆಣಿಕೆಯಷ್ಟಕ್ಕೆ ಇಳಿಯುತ್ತವೆ. ರೀಚಾರ್ಜ್ 28 ದಿನಕ್ಕೊಮ್ಮೆ ಮುಗಿಯುವುದರಿಂದ ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಸಲ ಮಾಡಿಸಬೇಕಾಗುತ್ತದೆ, ಅದನ್ನು ನಿಲ್ಲಿಸಿದರೆ ಸರ್ಕಾರದ ಯಾವ ಒಟಿಪಿಯೂ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಓದುಗರು ನಿರೀಕ್ಷಿಸುವುದು ಹಣ ಸಾಲುವುದಿಲ್ಲ ಎಂಬ ದೂರನ್ನು. ಸಾಲುವುದಿಲ್ಲ ಎಂಬುದು ನಿಜ. ಆದರೆ ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಕಾಡುವುದು ತಾರೀಖು. ಬಾಡಿಗೆಗೆ ತಾರೀಖಿದೆ, ಟ್ಯೂಷನ್ ಶುಲ್ಕಕ್ಕೆ ತಾರೀಖಿದೆ, ಶಾಲೆ ತೆರೆಯುವುದಕ್ಕೂ ತಾರೀಖಿದೆ. ನೆರವಿನ ಹಣಕ್ಕೆ ಮಾತ್ರ ಖಚಿತವಾದ ತಾರೀಖು ಇಲ್ಲ. ಗೃಹಲಕ್ಷ್ಮಿಯ ಕಂತು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ, ಆಮೇಲೆ ಒಂದರ ಹಿಂದೆ ಒಂದರಂತೆ ಜಮೆಯಾಗುತ್ತದೆ ಎಂಬುದು ರಾಜ್ಯದ ಎಲ್ಲ ಫಲಾನುಭವಿಗಳಿಗೂ ಗೊತ್ತಿರುವ ಸಂಗತಿ. ಹಣ ಒಟ್ಟಿಗೆ ಬಂದ ವಾರದಲ್ಲಿ ಮನೆಯಲ್ಲಿ ಎಲ್ಲವೂ ಅಗತ್ಯವೆನಿಸುತ್ತದೆ, ಬಾರದ ತಿಂಗಳಲ್ಲಿ ಅಂಗಡಿಯಲ್ಲಿ ಸಾಲ ಬರೆಸಬೇಕಾಗುತ್ತದೆ. ಆದ್ದರಿಂದ ಯಾವ ಖಾತೆಯನ್ನೇ ಆಗಲಿ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ತಪ್ಪು ತಾರೀಖಿಗೆ ಬಂದ ಹಣವನ್ನು ಸರಿಯಾದ ತಾರೀಖಿಗೆ ಸಾಗಿಸಲು ಅದು ನೆರವಾಗುತ್ತದೆಯೇ?

ಈ ಅಳತೆಯಲ್ಲಿ ಆರ್‌ಡಿಗೆ ನನ್ನ ಮೊದಲ ಅಂಕ. ತಿಂಗಳಿಗೆ 100 ರೂಪಾಯಿಯಿಂದಲೇ ಆರಂಭಿಸಬಹುದಾದ, ಐದು ವರ್ಷದ ಈ ಖಾತೆಗೆ ಸದ್ಯ ಶೇ 6.7ರ ಬಡ್ಡಿಯಿದೆ. 100 ರೂಪಾಯಿಯಂತೆ 60 ಕಂತು ಕಟ್ಟಿದರೆ 6,000ಕ್ಕೆ ಸುಮಾರು 7,136 ರೂಪಾಯಿ ಕೈಗೆ ಬರುತ್ತದೆ. ಬಡ್ಡಿ ಒಳ್ಳೆಯದೇ, ಆದರೆ ನಾನು ಮೆಚ್ಚಿದ್ದು ಅದರ ನಿಯಮಾವಳಿಯ ಎರಡು ಸಣ್ಣ ಸಂಗತಿಗಳನ್ನು. ಒಂದು, ಕಂತಿನ ಗಡುವು ಖಾತೆ ತೆರೆದ ತಾರೀಖನ್ನು ಅವಲಂಬಿಸುತ್ತದೆ. ತಿಂಗಳ 15ರೊಳಗೆ ತೆರೆದರೆ ಮುಂದಿನ ಎಲ್ಲ ಕಂತುಗಳನ್ನೂ ಪ್ರತಿ ತಿಂಗಳು 15ರೊಳಗೇ ಕಟ್ಟಬೇಕು, 16ರಂದು ಅಥವಾ ಆಮೇಲೆ ತೆರೆದರೆ ತಿಂಗಳ ಕೊನೆಯ ಕೆಲಸದ ದಿನದವರೆಗೆ ಕಟ್ಟಬಹುದು. ನಾನು ಅರ್ಜಿ ತುಂಬಿ ಕೊಟ್ಟಾಗ ಕೌಂಟರಿನಲ್ಲಿದ್ದ ಹೆಣ್ಣುಮಗಳು ಅದನ್ನು ಹಿಂದಕ್ಕೆ ತಳ್ಳಿ, "ಅಕ್ಕಾ, ನಿಮ್ಮ ದುಡ್ಡು ಯಾವಾಗ ಬರುತ್ತೆ ಅಂತ ನಿಮಗೇ ಗೊತ್ತಿಲ್ಲ ಅಂತೀರಿ, ಹಾಗಾದ್ರೆ ಹದಿನಾರರ ಮೇಲೆ ಬಂದು ಓಪನ್ ಮಾಡಿ" ಎಂದರು. ಯಾವ ಕರಪತ್ರದಲ್ಲೂ ಎದ್ದು ಕಾಣದ ಆ ಸಲಹೆಯಿಂದ ನನಗೆ ಪ್ರತಿ ತಿಂಗಳೂ ಹದಿನೈದು ದಿನದ ಉಸಿರಾಟ ಸಿಕ್ಕಿದೆ.

ಎರಡನೆಯದು ಮುಂಗಡ ಕಂತು. ಆರು ತಿಂಗಳ ಕಂತನ್ನು ಒಟ್ಟಿಗೆ ಕಟ್ಟಿದರೆ ಪ್ರತಿ 100 ರೂಪಾಯಿ ಕಂತಿಗೆ 10 ರೂಪಾಯಿ ರಿಯಾಯಿತಿ, ಹನ್ನೆರಡು ತಿಂಗಳದ್ದಾದರೆ 40 ರೂಪಾಯಿ. ನನ್ನದು 300 ರೂಪಾಯಿಯ ಆರ್‌ಡಿ. ಗೃಹಲಕ್ಷ್ಮಿಯ ಬಾಕಿ ಒಟ್ಟಿಗೆ ಬಂದಾಗ ಆರು ತಿಂಗಳಿಗೆ 1,800ರ ಬದಲು 1,770 ರೂಪಾಯಿ ಕಟ್ಟಿಬಿಡುತ್ತೇನೆ. ಉಳಿಯುವ 30 ರೂಪಾಯಿ ದೊಡ್ಡ ಮೊತ್ತವೇನಲ್ಲ. ಆಷಾಢದಲ್ಲಿ ಹೊಲಿಗೆ ನಿಂತಾಗ ಆರ್‌ಡಿಯ ಚಿಂತೆ ಇರುವುದಿಲ್ಲ ಎಂಬುದು ಮಾತ್ರ ದೊಡ್ಡ ಅನುಕೂಲ. ಕಂತು ತಪ್ಪಿದರೆ ದಂಡವೂ ಪ್ರತಿ ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ. ಸತತ ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಅದನ್ನು ಎರಡು ತಿಂಗಳೊಳಗೆ ಮತ್ತೆ ಚಾಲ್ತಿಗೆ ತರಬಹುದು. ಖಾತೆಗೆ ವರ್ಷ ತುಂಬಿ ಹನ್ನೆರಡು ಕಂತು ಕಟ್ಟಿದ ಮೇಲೆ ಜಮೆಯ ಅರ್ಧದವರೆಗೆ ಸಾಲವನ್ನೂ ಕೊಡುತ್ತಾರೆ. ಅದರ ಬಡ್ಡಿ ಆರ್‌ಡಿಯ ದರಕ್ಕಿಂತ ಶೇ 2 ಹೆಚ್ಚು, ಅಂದರೆ ಈಗ ಶೇ 8.7. ಮೈಕ್ರೊಫೈನಾನ್ಸ್ ಸಂಸ್ಥೆಗಳು ಶೇ 20ರ ಆಚೀಚೆ ವಸೂಲು ಮಾಡುವಾಗ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದ ಮೇಲೂ ನಮ್ಮ ಬೀದಿಯಲ್ಲಿ ವಾರದ ಕಂತಿನ ಸಭೆಗಳು ನಡೆಯುತ್ತಿರುವಾಗ, ಈ ಶೇ 8.7ರ ಸೌಲಭ್ಯವನ್ನು ಅಂಚೆ ಇಲಾಖೆ ಇನ್ನಷ್ಟು ಗಟ್ಟಿಯಾಗಿ ಹೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಆರ್‌ಡಿಯ ದೊಡ್ಡ ಕೊರತೆಯೆಂದರೆ ಅವಧಿ. ಐದು ವರ್ಷ ಎಂಬುದು ಸಂಬಳದಾರರ ಲೆಕ್ಕ. ನಮ್ಮ ಮನೆಯ ದೊಡ್ಡ ಖರ್ಚುಗಳು ವರ್ಷಕ್ಕೊಮ್ಮೆ ಬರುವಂಥವು: ಜೂನ್ ತಿಂಗಳ ಶೂ, ಬ್ಯಾಗು ಮತ್ತು ನೋಟ್‌ಬುಕ್ಕು, ಗೌರಿ-ಗಣೇಶ ಹಬ್ಬ, ಬಾಡಿಗೆ ಕರಾರು ನವೀಕರಣ. ಮೂರು ವರ್ಷಕ್ಕೆ ಮೊದಲು ಆರ್‌ಡಿಯನ್ನು ಮುರಿಯಲಾಗದು, ಆಮೇಲೆ ಅವಧಿಗೆ ಮುಂಚೆ ಮುರಿದರೂ ಉಳಿತಾಯ ಖಾತೆಯ ಶೇ 4ರ ಬಡ್ಡಿಯಷ್ಟೇ ದೊರೆಯುತ್ತದೆ. ಬ್ಯಾಂಕುಗಳಲ್ಲಿ ಇರುವಂತೆ ಒಂದು ವರ್ಷದ ಆರ್‌ಡಿ ಅಂಚೆ ಕಚೇರಿಯಲ್ಲಿ ಇದ್ದಿದ್ದರೆ ಈ ವಿಮರ್ಶೆ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಅದಕ್ಕೆ ನಾನು ಕಂಡುಕೊಂಡ ಸುತ್ತುದಾರಿ ಟೈಮ್ ಡೆಪಾಸಿಟ್. ಕನಿಷ್ಠ 1,000 ರೂಪಾಯಿಯಿಂದ, ಒಂದು ವರ್ಷದ ಅವಧಿಗೆ, ಸದ್ಯ ಶೇ 6.9ರ ಬಡ್ಡಿಗೆ ಇಡಬಹುದಾದ ಠೇವಣಿ ಇದು. ಬೇಸಿಗೆಯ ಮದುವೆಗಳ ಹೊಲಿಗೆಯಿಂದ ಮೇ ತಿಂಗಳಲ್ಲಿ ಎರಡು ಸಾವಿರ ಮಿಕ್ಕಿದರೆ ಅಲ್ಲಿಡುತ್ತೇನೆ, ಮುಂದಿನ ಮೇ ತಿಂಗಳಲ್ಲಿ ಅದು ಶಾಲೆಯ ಖರ್ಚಿಗೆ ಸರಿಯಾಗಿ ಒದಗುತ್ತದೆ. ಆರು ತಿಂಗಳವರೆಗೆ ಮುಟ್ಟಲು ಬರುವುದಿಲ್ಲ ಎಂಬ ಕಟ್ಟುನಿಟ್ಟನ್ನು ಹಲವರು ದೋಷವೆನ್ನುತ್ತಾರೆ. ನನಗೆ ಅದೇ ಗುಣ. ಊರಿನಲ್ಲಿರುವ ತಮ್ಮ ಬಂದು "ಅಕ್ಕಾ, ಒಂದೆರಡು ಸಾವಿರ ಇದ್ರೆ ಕೊಡು" ಎಂದಾಗ "ಪೋಸ್ಟಾಫೀಸಿನಲ್ಲಿ ಕಟ್ಟಿಬಿಟ್ಟಿದ್ದೀನಿ ಕಣೋ, ತೆಗೆಯಕ್ಕೆ ಬರಲ್ಲ" ಎನ್ನಲು ಸಾಧ್ಯವಾಗುವುದು, ಸಂಬಂಧ ಕೆಡಿಸಿಕೊಳ್ಳದೆ ಇಲ್ಲವೆನ್ನಲು ಒಂಟಿ ಹೆಂಗಸಿಗೆ ಸಿಗುವ ಕೆಲವೇ ದಾರಿಗಳಲ್ಲಿ ಒಂದು.

ಉಳಿತಾಯ ಖಾತೆಯ ಬಗ್ಗೆ ಅಷ್ಟು ಉತ್ಸಾಹದಿಂದ ಬರೆಯಲಾರೆ. 500 ರೂಪಾಯಿ ಸದಾ ಉಳಿದಿರಬೇಕು, ಆರ್ಥಿಕ ವರ್ಷದ ಕೊನೆಗೆ ಅದಕ್ಕಿಂತ ಕಡಿಮೆಯಿದ್ದರೆ 50 ರೂಪಾಯಿ ಕಡಿತವಾಗುತ್ತದೆ. ಪ್ರತಿ ತಿಂಗಳ 10ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕ ಹಾಕುವುದರಿಂದ, ತಿಂಗಳ ನಡುವೆ ಬಂದು ತಿಂಗಳ ಕೊನೆಗೆ ಹೋಗುವ ನಮ್ಮ ಹಣಕ್ಕೆ ಬಡ್ಡಿಯೆಂಬುದು ಹೆಸರಿಗಷ್ಟೇ. ಆದರೂ ಮೂರು ಸಾವಿರಕ್ಕೆ ತಿಂಗಳಿಗೆ ಹತ್ತು ರೂಪಾಯಿಯ ಮಾತಾದ್ದರಿಂದ ಇದಕ್ಕಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ. ಹಣ ಕಟ್ಟಲು, ತೆಗೆಯಲು ಬೇರೆ ಬೇರೆ ಚೀಟಿ ತುಂಬಬೇಕು. ಕೌಂಟರಿನ ವೇಳೆ ಮಧ್ಯಾಹ್ನಕ್ಕೇ ಮುಗಿಯುವುದರಿಂದ ಕೂಲಿಗೆ ಹೋಗುವ ಹೆಂಗಸರು ಅರ್ಧ ದಿನದ ಕೂಲಿ ಬಿಡಬೇಕಾಗುತ್ತದೆ. ಮನೆಯಲ್ಲೇ ಹೊಲಿಯುವ ನನಗೆ ಆ ತೊಂದರೆ ಇಲ್ಲ ಎಂಬುದನ್ನು ಓದುವವರು ಗಮನದಲ್ಲಿಡಬೇಕು.

ನೆರವಿನ ಹಣ ಬಂದು ಬೀಳುವ ಖಾತೆಯಾಗಿ ನಾನು ಬಳಸುವುದು 2018ರಲ್ಲಿ ಆರಂಭವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಯನ್ನು. ಅಂಚೆ ಕಚೇರಿಯ ಉಳಿತಾಯ ಖಾತೆಯೂ ಇದೂ ಒಂದೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕಟ್ಟಡ ಒಂದೇ, ಪೋಸ್ಟ್‌ಮ್ಯಾನ್ ಒಬ್ಬರೇ, ಆದರೆ ಸಂಸ್ಥೆಗಳು ಎರಡು, ಖಾತೆ ಸಂಖ್ಯೆಗಳೂ ಎರಡು. ಪೇಮೆಂಟ್ಸ್ ಬ್ಯಾಂಕಿನ ಸಾಮಾನ್ಯ ಖಾತೆಯಲ್ಲಿ ಕನಿಷ್ಠ ಶಿಲ್ಕಿನ ಷರತ್ತಿಲ್ಲ, ಎರಡು ಲಕ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎಂಬ ಮಿತಿ ನಮಗೆ ತಾಗುವುದೂ ಇಲ್ಲ. ಹಿಂದೆ ನನ್ನ ನೆರವಿನ ಹಣ ಬರುತ್ತಿದ್ದ ಬೇರೊಂದು ಬ್ಯಾಂಕಿನಲ್ಲಿ ಕನಿಷ್ಠ ಶಿಲ್ಕು ಇಲ್ಲವೆಂದು ದಂಡ, ಅದರ ಮೇಲೆ ಜಿಎಸ್‌ಟಿ, ಎಸ್ಸೆಮ್ಮೆಸ್ಸಿಗೆ ಶುಲ್ಕ ಎಂದು ಪಿಂಚಣಿಯಿಂದಲೇ ಕಡಿಯುತ್ತಿದ್ದರು. ಇಲ್ಲಿ ಆ ಕಾಟ ತಪ್ಪಿತು. ಮೊಬೈಲ್ ಆ್ಯಪ್‌ನಿಂದ ಆರ್‌ಡಿ ಮತ್ತು ಸುಕನ್ಯಾ ಖಾತೆಗಳಿಗೆ ನೇರವಾಗಿ ಹಣ ಕಳಿಸಬಹುದಾದ್ದರಿಂದ ಸಾಲಿನಲ್ಲಿ ನಿಲ್ಲುವುದೂ ಕಡಿಮೆಯಾಗಿದೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ನಗದು ಕೊಡುವ ಸೇವೆಯೂ ಇದೆ, ವಯಸ್ಸಾದ ತಾಯಿಯನ್ನೋ ಹಾಲು ಕುಡಿಯುವ ಕೂಸನ್ನೋ ಬಿಟ್ಟು ಹೊರಡಲಾಗದವರಿಗೆ ಅದು ನಿಜಕ್ಕೂ ಉಪಕಾರಿ.

ಹೊಸ ಖಾತೆ ತೆರೆಯುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಆಧಾರ್ ಆಧಾರಿತ ನೆರವಿನ ಹಣ ಹೋಗುವುದು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾರೋ ಶಿಬಿರದಲ್ಲಿ ಉಚಿತವೆಂದು ತೆರೆದುಕೊಟ್ಟ ಖಾತೆಗೆ ಒಪ್ಪಿಗೆಯ ಸಹಿ ಹಾಕಿದ್ದರೆ ಮುಂದಿನ ಕಂತು ಸದ್ದಿಲ್ಲದೆ ಅಲ್ಲಿಗೆ ಹೋಗಿರುತ್ತದೆ, ಮನೆಯಲ್ಲಿ ಮಾತ್ರ "ಈ ತಿಂಗಳೂ ಬಂದಿಲ್ಲ" ಎಂಬ ಮಾತು ನಡೆದಿರುತ್ತದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ನೋಡಬಹುದು. ಯಾವ ಯೋಜನೆಯ ಎಷ್ಟು ಹಣ ಯಾವ ದಿನ ಜಮೆಯಾಯಿತು ಎಂಬುದು ರಾಜ್ಯ ಸರ್ಕಾರದ 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ಸಿಗುತ್ತದೆ. ಖಾತೆಯ ವಿವರದಲ್ಲಿ ಬರುವ ಸಂಕ್ಷಿಪ್ತ ಅಕ್ಷರಗಳಿಂದ ಯಾವುದು ಪಿಂಚಣಿ, ಯಾವುದು ಗೃಹಲಕ್ಷ್ಮಿ ಎಂದು ಬಿಡಿಸಿಕೊಳ್ಳುವುದು ಸುಲಭವಲ್ಲದ ಕಾರಣ, ತಿಂಗಳ ಲೆಕ್ಕ ಬರೆಯುವ ಯಾರಿಗಾದರೂ ಈ ಆ್ಯಪ್ ಇಲ್ಲದೆ ನಡೆಯದು.

ಚೀಟಿ ಮತ್ತು ಸ್ವಸಹಾಯ ಸಂಘಗಳೊಂದಿಗೆ ಹೋಲಿಸದೆ ಈ ವಿಮರ್ಶೆ ನ್ಯಾಯವಾಗದು. ಚೀಟಿಯಲ್ಲಿ ಕಷ್ಟ ಬಂದ ತಿಂಗಳೇ ದೊಡ್ಡ ಮೊತ್ತ ಎತ್ತಬಹುದು, ಅಂಚೆ ಕಚೇರಿ ಆ ಕೆಲಸವನ್ನು ಮಾಡಲಾರದು. ಸಂಘದಲ್ಲಿ ಹಣದ ಜೊತೆಗೆ ಜನರೂ ಸಿಗುತ್ತಾರೆ, ಮಗುವಿಗೆ ಜ್ವರ ಬಂದ ರಾತ್ರಿ ಆಟೊ ಕರೆಸುವವರು ಸಂಘದ ಹೆಂಗಸರೇ ಹೊರತು ಪಾಸ್‌ಬುಕ್ಕಲ್ಲ. ಆದರೆ ಚೀಟಿ ನಡೆಸುವವರು ಊರು ಬಿಟ್ಟರೆ ಕೇಳುವವರಿಲ್ಲ, ಸಂಘದಲ್ಲಿ ಒಬ್ಬರ ಕಂತು ತಪ್ಪಿದರೆ ಎಲ್ಲರೆದುರು ಉತ್ತರಿಸಬೇಕಾಗುತ್ತದೆ. ನಾನು ಸಂಘವನ್ನು ಉಳಿಸಿಕೊಂಡಿದ್ದೇನೆ, ಚೀಟಿಯನ್ನು ಬಿಟ್ಟಿದ್ದೇನೆ.

ಮಗಳ ಸುಕನ್ಯಾ ಸಮೃದ್ಧಿ ಖಾತೆಯ ವಿಷಯ ಬೇರೆಯೇ. ಹತ್ತು ವರ್ಷದೊಳಗಿನ ಹೆಣ್ಣುಮಗುವಿನ ಹೆಸರಿನಲ್ಲಿ ತೆರೆಯಬಹುದಾದ ಈ ಖಾತೆಗೆ ಸದ್ಯ ಶೇ 8.2ರ ಬಡ್ಡಿಯಿದ್ದು, ಸಣ್ಣ ಉಳಿತಾಯ ಯೋಜನೆಗಳಲ್ಲಿ ಇದಕ್ಕಿಂತ ಹೆಚ್ಚು ಕೊಡುವುದು ಯಾವುದೂ ಇಲ್ಲ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ, ತಪ್ಪಿದರೆ ವರ್ಷಕ್ಕೆ 50 ರೂಪಾಯಿ ದಂಡ. ಹದಿನೈದು ವರ್ಷ ಕಟ್ಟಬೇಕು, ಖಾತೆ ತೆರೆದು ಇಪ್ಪತ್ತೊಂದು ವರ್ಷಕ್ಕೆ ಮುಗಿಯುತ್ತದೆ, ಮಗಳಿಗೆ ಹದಿನೆಂಟು ತುಂಬಿದ ಮೇಲೆ ಅಥವಾ ಹತ್ತನೇ ತರಗತಿ ಪಾಸಾದ ಮೇಲೆ ಓದಿಗೆಂದು ಅರ್ಧದವರೆಗೆ ತೆಗೆಯಬಹುದು. ತಿಂಗಳ ಖರ್ಚಿಗೆ ಪರದಾಡುವ ಮನೆಯಲ್ಲಿ ಇದನ್ನು ಬಜೆಟ್ಟಿನ ಭಾಗವೆಂದು ತಿಳಿಯಬಾರದು. ಕನಿಷ್ಠ ಮೊತ್ತದಿಂದ ಖಾತೆಯನ್ನು ಉಳಿಸಿಕೊಂಡು, ಹೊಲಿಗೆ ಚೆನ್ನಾಗಿ ನಡೆದ ವರ್ಷ ಹೆಚ್ಚು ಹಾಕುವುದು ನನ್ನ ಕ್ರಮ. ಗಂಡುಮಗನಿಗೆ ಇದಕ್ಕೆ ಸಾಟಿಯಾದದ್ದು ಅಂಚೆ ಕಚೇರಿಯಲ್ಲಿ ಇಲ್ಲ ಎಂಬುದನ್ನು ಮಗ ಆಗಾಗ ನೆನಪಿಸುತ್ತಿರುತ್ತಾನೆ.

ಮಕ್ಕಳ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಕ್ಕಳ ರಕ್ಷಣೆಗಾಗಿ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಕಾರ್ಯಕ್ರಮದಡಿ ವಿಧವೆಯ ಅಥವಾ ಪರಿತ್ಯಕ್ತೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಸಿಗುವ ಅವಕಾಶವಿದೆ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಸಲ್ಲಿಸಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಗೃಹಲಕ್ಷ್ಮಿ ಗೊತ್ತಿರುವ ನೂರು ಮಂದಿಯಲ್ಲಿ ಇದು ಗೊತ್ತಿರುವವರನ್ನು ಹುಡುಕಬೇಕು. ಮಂಜೂರಾದ ಹಣ ಮಗುವಿನ ಹೆಸರಿನ ಖಾತೆಗೆ ಹೋಗುವುದರಿಂದ, ಅರ್ಜಿಗೆ ಮುಂಚೆಯೇ ಅಂಥ ಖಾತೆಯೊಂದು ಇದ್ದರೆ ಓಡಾಟ ಕಡಿಮೆಯಾಗುತ್ತದೆ. ಮಗುವಿನ ಪರವಾಗಿ ಪೋಷಕರು ಅಂಚೆ ಕಚೇರಿಯಲ್ಲಿ ಖಾತೆ ತೆರೆಯಬಹುದು, ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸಬಹುದು.

ಇನ್ನು ಅಂಚೆ ಕಚೇರಿಯಲ್ಲಿ ಯಾರೂ ತಾವಾಗಿ ಕೇಳದ, ಒಂಟಿ ಪೋಷಕರು ಮಾತ್ರ ಕಡ್ಡಾಯವಾಗಿ ಕೇಳಬೇಕಾದ ಸೇವೆಯೊಂದಿದೆ. ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ವಿಮೆಯಲ್ಲಿ ಯಾವುದೇ ಕಾರಣದಿಂದ ಸಾವು ಸಂಭವಿಸಿದರೆ ಎರಡು ಲಕ್ಷ, 20 ರೂಪಾಯಿಯ ಸುರಕ್ಷಾ ವಿಮೆಯಲ್ಲಿ ಅಪಘಾತದಿಂದ ಸಾವಾದರೆ ಇನ್ನೆರಡು ಲಕ್ಷ ರೂಪಾಯಿ ಕುಟುಂಬಕ್ಕೆ ಸಲ್ಲುತ್ತದೆ. ಮೊದಲನೆಯದಕ್ಕೆ 18ರಿಂದ 50, ಎರಡನೆಯದಕ್ಕೆ 18ರಿಂದ 70 ವರ್ಷದವರು ಸೇರಬಹುದು. ಕಂತು ಪ್ರತಿ ವರ್ಷ ಮೇ ಕೊನೆಯ ಸುಮಾರಿಗೆ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ, ಜೂನ್ 1ರಿಂದ ಹೊಸ ವರ್ಷ ಆರಂಭ. ಮೇ ಕೊನೆ ಎಂದರೆ ಶಾಲೆಯ ಖರ್ಚಿಗಾಗಿ ಖಾತೆಯನ್ನು ಬರಿದು ಮಾಡುವ ಕಾಲವೂ ಹೌದು. ಆ ವಾರದಲ್ಲಿ 456 ರೂಪಾಯಿ ಖಾತೆಯಲ್ಲಿ ಉಳಿದಿಲ್ಲದಿದ್ದರೆ ವಿಮೆ ಅಲ್ಲಿಗೇ ನಿಲ್ಲುತ್ತದೆ. ನಾನು ಕ್ಯಾಲೆಂಡರಿನಲ್ಲಿ ಮೇ 20ರ ಚೌಕಕ್ಕೆ ಕೆಂಪು ಪೆನ್ನಿನಿಂದ ಗುರುತು ಹಾಕಿಡುತ್ತೇನೆ. ನಾಮನಿರ್ದೇಶನದ ಕಾಲಂನಲ್ಲಿ ಅಪ್ರಾಪ್ತ ಮಗುವಿನ ಹೆಸರು ಬರೆದಾಗ ಅದರ ಪರವಾಗಿ ಹಣ ಪಡೆಯುವ ವಯಸ್ಕರೊಬ್ಬರ ಹೆಸರನ್ನೂ ಬರೆಯಬೇಕು. ಅವಸರದಲ್ಲಿ ಖಾಲಿ ಬಿಡುವ ಜಾಗ ಅದು. ಯಾರ ಹೆಸರು ಎಂಬುದನ್ನು ಕೌಂಟರಿನ ಮುಂದೆ ನಿಂತು ಯೋಚಿಸುವ ಬದಲು ಮನೆಯಲ್ಲೇ ತೀರ್ಮಾನಿಸಿ, ಅವರ ಒಪ್ಪಿಗೆ ಪಡೆದು, ಅವರ ಆಧಾರ್ ಪ್ರತಿಯನ್ನು ಜೊತೆಗಿಟ್ಟುಕೊಂಡು ಹೋಗುವುದು ಒಳ್ಳೆಯದು.